ಗುಂಪಿಗೆ ಮೇಲ್ ಬರೆಯುವವರಿಗೂ ಗುಂಪು ನಡೆಸುವವರಿಗೂ ಒಂದು ಬಹಿರಂಗ ಪತ್ರ

ಗೆ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಬಡಾವಣೆ ಸಂಘ, ಹಳೆಯ ವಿದ್ಯಾರ್ಥಿಗಳ ಸಂಘ, ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ, ಶಾಲಾ-ಕಾಲೇಜು ಕಚೇರಿಗಳ ಸಿಬ್ಬಂದಿಗೆ, ಗುಂಪಿನ ವಿಳಾಸಕ್ಕೆ ಮೇಲ್ ಬರೆಯುವ ಎಲ್ಲರಿಗೂ

ವಿಷಯ: ಗುಂಪು ಮೇಲ್ ಬರೆಯುವ ಕ್ರಮ, ಗುಂಪು ನಡೆಸುವವರು ಮಾಡಬೇಕಾದ ಏರ್ಪಾಡು

ಮಾನ್ಯರೇ,

ನಮ್ಮ ಕಚೇರಿ ಕಾಗದಕ್ಕೆ ಮೊದಲಿಂದಲೂ ಒಂದು ಅಚ್ಚುಕಟ್ಟಿದೆ. ಮೇಲೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’, ಆಮೇಲೆ ಒಕ್ಕಣೆ, ಕೊನೆಗೆ ಯಾರ್‍ಯಾರಿಗೆ ‘ಪ್ರತಿ’ ಎಂಬ ಪಟ್ಟಿ. ತಾಲ್ಲೂಕು ಕಚೇರಿಯ ಗುಮಾಸ್ತರಿಂದ ಹಿಡಿದು ಹೈಸ್ಕೂಲಿನಲ್ಲಿ ರಜಾ ಅರ್ಜಿ ಬರೆದವರವರೆಗೆ ಎಲ್ಲರಿಗೂ ಅದು ಬಾಯಿಪಾಠ. ಅದೇ ನಾವು, ಒಂದೇ ವಿಳಾಸಕ್ಕೆ ಬರೆದರೆ ಎಲ್ಲರಿಗೂ ಮುಟ್ಟುವಂಥ ನಾನೂರು ಜನರ ಗುಂಪಿಗೆ ಮೇಲ್ ಕಳಿಸುವಾಗ ವಿಷಯದ ಜಾಗವನ್ನು ಖಾಲಿ ಬಿಡುತ್ತೇವೆ, ನೋಟಿಸಿನ ಫೋಟೊ ಒಂದನ್ನು ಅಂಟಿಸುತ್ತೇವೆ, ಕಳಿಸಿಬಿಡುತ್ತೇವೆ. ವಾಟ್ಸಾಪಿನ ಮಾತು ಸಂಜೆಯೊಳಗೆ ಮೇಲೆ ಸರಿದು ಮರೆತುಹೋಗುತ್ತದೆ. ಗುಂಪಿಗೆ ಹೋದ ಮೇಲ್ ಕಡತಕ್ಕೆ ಸೇರುತ್ತದೆ. ಮೂರು ವರ್ಷ ಕಳೆದ ಮೇಲೆ, ಅಂದಿನ ಸಭೆಗೆ ಬಾರದಿದ್ದ ಇನ್ಯಾರೋ ಅದನ್ನು ಹುಡುಕಿ ತೆಗೆದು ಓದಬೇಕಾಗುತ್ತದೆ. ನಾವು ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದ್ದು.

ವಿಷಯದ ಸಾಲಿನಿಂದಲೇ ಶುರು ಮಾಡೋಣ. ಫೋನಿನ ಪಟ್ಟಿಯಲ್ಲಿ ಆ ಸಾಲಿನ ಮೊದಲ ನಾಲ್ಕೈದು ಪದ ಕಾಣುತ್ತವೆ, ಅಷ್ಟೇ. ‘ಎರಡನೇ ಹಂತದ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ವಾರ್ಷಿಕ ಮಹಾಸಭೆಗೆ ಹಾಜರಾಗುವ ಬಗ್ಗೆ’ ಎಂದು ಬರೆದರೆ ಸದಸ್ಯರ ಕಣ್ಣಿಗೆ ಬೀಳುವುದು ಅವರಿಗೆ ಮೊದಲೇ ಗೊತ್ತಿರುವ ಸಂಘದ ಹೆಸರು. ಸಭೆ ಎಂಬ ಪದ ಬರುವಷ್ಟರಲ್ಲಿ ಸಾಲು ಕತ್ತರಿಸಿರುತ್ತದೆ. ‘ಮಹಾಸಭೆ ಜೂನ್ 21 ಭಾನುವಾರ 10 ಗಂಟೆ: ಬರುವವರು 18ರೊಳಗೆ ತಿಳಿಸಿ’ ಎಂದರೆ ಮೇಲ್ ತೆರೆಯದವರಿಗೂ ಸುದ್ದಿ ಮುಟ್ಟಿತು. ಕೆಲಸ, ದಿನಾಂಕ, ಓದುಗರು ಮಾಡಬೇಕಾದ್ದು ಈ ಮೂರೂ ಮುಂದೆ ಬರಲಿ. ‘ಅರ್ಜೆಂಟ್’, ‘ಪ್ರಮುಖ ಮಾಹಿತಿ’, ‘ನೋಟಿಸ್’ ಎಂಬ ತಲೆಬರಹಗಳಿಂದ ಇವತ್ತು ಏನೂ ತಿಳಿಯುವುದಿಲ್ಲ, ನಾಳೆ ಹುಡುಕಿದರೂ ಸಿಗುವುದಿಲ್ಲ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಅಮೆರಿಕದಲ್ಲಿರುವವರೂ ಇರುತ್ತಾರೆ. 05/06 ಎಂಬುದು ಇಲ್ಲಿ ಜೂನ್ 5, ಅಲ್ಲಿ ಮೇ 6.

ಹೊಸ ಮಾತು ಎತ್ತುವಾಗ ಹಳೆಯ ಮೇಲ್‌ಗೆ ‘ರಿಪ್ಲೈ’ ಒತ್ತಿ, ಇದ್ದದ್ದನ್ನು ಅಳಿಸಿ, ಹೊಸದನ್ನು ಬರೆಯುವ ಅಭ್ಯಾಸ ತುಂಬ ಜನಕ್ಕಿದೆ. ಗುಂಪಿನ ವಿಳಾಸ ಹುಡುಕುವ ಶ್ರಮ ಉಳಿಯುತ್ತದೆ, ನಿಜ. ಆದರೆ ಪ್ರತಿಯೊಂದು ಮೇಲ್‌ಗೂ ಕಣ್ಣಿಗೆ ಕಾಣದ ಒಂದು ಗುರುತಿನ ಸಂಖ್ಯೆ ಇರುತ್ತದೆ. ನೀವು ಉತ್ತರ ಬರೆದ ಕ್ಷಣ ಹಳೆಯ ಮೇಲ್‌ನ ಸಂಖ್ಯೆ ಹೊಸದರ ತಲೆಯಲ್ಲಿ ‘ಉಲ್ಲೇಖ’ವಾಗಿ ಕೂರುತ್ತದೆ. ವಿಷಯದ ಸಾಲು ಬದಲಾಯಿಸಿದರೂ ಆ ಉಲ್ಲೇಖ ಅಳಿಯುವುದಿಲ್ಲ. ಹಾಗಾಗಿ ಎಷ್ಟೋ ಮೇಲ್ ತಂತ್ರಾಂಶಗಳಲ್ಲಿ ನಿಮ್ಮ ನೀರಿನ ಬಿಲ್ಲಿನ ಪ್ರಶ್ನೆ ಹೋದ ವರ್ಷದ ಗಣೇಶನ ಚಂದಾ ಲೆಕ್ಕದ ಕೆಳಗೆ ಹೋಗಿ ಸೇರಿಕೊಳ್ಳುತ್ತದೆ. ಆ ಲೆಕ್ಕ ಓದಿ ಮುಗಿಸಿದವರು ಅದನ್ನು ಮತ್ತೆ ತೆರೆಯುವುದೇ ಇಲ್ಲ. ‘ಯಾರೂ ಉತ್ತರ ಕೊಡುತ್ತಿಲ್ಲ’ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಹೊಸ ವಿಷಯಕ್ಕೆ ಹೊಸ ಮೇಲ್. ವಿಳಾಸವನ್ನು ಒಮ್ಮೆ ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಮಾಡಿಕೊಂಡರೆ ಶ್ರಮವೂ ಇಲ್ಲ. ಚರ್ಚೆ ತಾನಾಗಿ ದಾರಿ ಬದಲಿಸಿದರೆ ಹೊಸ ವಿಷಯ ಬರೆದು, ಆವರಣದಲ್ಲಿ ‘ಹಿಂದಿನ ವಿಷಯ ಇಂಥದ್ದು’ ಎಂದು ಸೂಚಿಸಿ.

ಇನ್ನು ಉತ್ತರದ ಕೆಳಗೆ ನೇತಾಡುವ ಹಳೆಯ ಪತ್ರಗಳು. ಫೋನಿನಲ್ಲಿ ಉತ್ತರ ಬರೆಯುವಾಗ ಹಿಂದಿನ ಮೇಲ್ ಮೂರು ಚುಕ್ಕಿಯ ಹಿಂದೆ ಮರೆಯಾಗಿರುತ್ತದೆ. ಬರೆಯುವವರಿಗೆ ಕಾಣದಿದ್ದರೂ ಅದು ಜೊತೆಗೇ ಹೋಗುತ್ತದೆ. ಹದಿಮೂರನೆಯ ಉತ್ತರದ ಹೊಟ್ಟೆಯಲ್ಲಿ ಹಿಂದಿನ ಹನ್ನೆರಡೂ ಇರುತ್ತವೆ, ಅವುಗಳ ಒಳಗೆ ಅವುಗಳ ಹಿಂದಿನವು. ಕನ್ನಡದಲ್ಲಿ ಬರೆಯುವವರಿಗೆ ಇದರ ಭಾರ ಇನ್ನೂ ಹೆಚ್ಚು. ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದ ಐದು ಸಂಕೇತಗಳಾಗಿ ದಾಖಲಾಗುತ್ತದೆ: ಕ, ನ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ನ, ಡ. ಮೇಲ್ ಸಾಗುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಅದೇ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 7. ಜಿಮೇಲ್ 102 ಕೆಬಿ ದಾಟಿದ ಮೇಲ್ ಅನ್ನು ನಡುವೆ ಕತ್ತರಿಸಿ, ಉಳಿದದ್ದು ನೋಡಲು ಬೇರೆ ಕೊಂಡಿ ಕೊಡುತ್ತದೆ. ಕತ್ತರಿಸದ ಕನ್ನಡ ಚರ್ಚೆ ಆ ಗೆರೆಯನ್ನು ಬೇಗ ಮುಟ್ಟುತ್ತದೆ. ಇದಕ್ಕಾಗಿ ಕನ್ನಡ ಬಿಡಬೇಕಾಗಿಲ್ಲ, ಹಳೆಯ ಸಾಲುಗಳನ್ನು ಬಿಟ್ಟರೆ ಸಾಕು.

ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಡ್ಜ್ 1995ರ ಅಕ್ಟೋಬರಿನಲ್ಲಿ ಬರೆದ ಆರ್‌ಎಫ್‌ಸಿ 1855 ಎಂಬ ಅಂತರಜಾಲ ನಡವಳಿಕೆಯ ಕೈಪಿಡಿ ಆಗಲೇ ಇದನ್ನು ಹೇಳಿತ್ತು: ಮೂಲ ಪತ್ರದ ಸಾರಾಂಶವನ್ನು ಮೇಲೆ ಕೊಡಿ, ಇಲ್ಲವೇ ಸಂದರ್ಭ ತಿಳಿಯುವಷ್ಟು ಸಾಲು ಮಾತ್ರ ಉಳಿಸಿ. ಹೀಗೆ:

> ಶನಿವಾರ ಟ್ಯಾಂಕರ್ ಎಷ್ಟು ಗಂಟೆಗೆ?
ಸಂಜೆ 5ಕ್ಕೆ, ಪಾರ್ಕಿನ ಗೇಟಿನ ಹತ್ತಿರ.
> ಮನೆಗೆ ಎಷ್ಟು ಕೊಡ?
ಹತ್ತು. ಆರು ಜನಕ್ಕಿಂತ ಹೆಚ್ಚಿದ್ದರೆ ಹದಿನೈದು.

ಪ್ರಶ್ನೆ ಮೇಲೆ, ಉತ್ತರ ಕೆಳಗೆ, ಒಂದರ ಹಿಂದೆ ಒಂದು. ತಡವಾಗಿ ಗುಂಪಿಗೆ ಸೇರಿದವರೂ ಇದನ್ನು ಓದಿ ಅರ್ಥ ಮಾಡಿಕೊಳ್ಳುತ್ತಾರೆ. ಮೇಲ್‌ನ ತಲೆಯಲ್ಲಿ ‘ಹೌದು, ಹತ್ತು’ ಎಂದಷ್ಟೇ ಬರೆದು ಕಳಿಸಿದರೆ ಏನು ಹತ್ತು ಎಂದು ಹುಡುಕುವ ಕೆಲಸ ಪ್ರತಿಯೊಬ್ಬ ಓದುಗರ ಪಾಲಿಗೆ ಬರುತ್ತದೆ. ದಿನಕ್ಕೊಂದು ಕಟ್ಟಾಗಿ, ಅಂದರೆ ಡೈಜೆಸ್ಟ್ ರೂಪದಲ್ಲಿ, ಮೇಲ್ ತರಿಸಿಕೊಳ್ಳುವವರು ಇನ್ನಷ್ಟು ಎಚ್ಚರ ವಹಿಸಬೇಕು. ಗುಂಪು ಮೇಲ್ ನಡೆಸಿಕೊಡುವ ಗೂಗಲ್ ಗ್ರೂಪ್ಸ್ ಸೇವೆಯ ಒಂದು ಕಟ್ಟಿನಲ್ಲಿ 25 ಮೇಲ್‌ವರೆಗೆ ಇರುತ್ತವೆ; ಅದಕ್ಕೆ ನೇರವಾಗಿ ಉತ್ತರಿಸಿದರೆ ವಿಷಯದ ಸಾಲು ಕಟ್ಟಿನದೇ ಆಗಿರುತ್ತದೆ, ಇಪ್ಪತ್ತೈದೂ ಮರಳಿ ಎಲ್ಲರಿಗೂ ಹೋಗುತ್ತವೆ.

‘ರಿಪ್ಲೈ ಆಲ್’ ಬಗ್ಗೆ ಒಂದು ಲೆಕ್ಕ ಹೇಳುತ್ತೇವೆ. ನಾನೂರು ಜನರ ಗುಂಪಿನಲ್ಲಿ ಹನ್ನೆರಡು ಮಂದಿ ‘ಧನ್ಯವಾದಗಳು’ ಎಂದು ಎಲ್ಲರಿಗೂ ಬರೆದರೆ 4,800 ಮೇಲ್ ಹೊರಡುತ್ತವೆ. ಆ ಹನ್ನೆರಡರ ಅಡಿಯಲ್ಲಿ ‘ನಾಳೆ ಬೆಳಿಗ್ಗೆ ಕರೆಂಟ್ ಇರುವುದಿಲ್ಲ’ ಎಂಬ ಮೇಲ್ ಹೂತುಹೋಗುತ್ತದೆ. 2016ರ ನವೆಂಬರ್ 14ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾ ಮೇಲ್ ತಪ್ಪಿ 8 ಲಕ್ಷಕ್ಕೂ ಹೆಚ್ಚು ವಿಳಾಸಗಳಿಗೆ ಹೋಯಿತು. ಆ ಒಂದು ಮೇಲ್‌ನಿಂದ ದೊಡ್ಡ ಹಾನಿ ಆಗುತ್ತಿರಲಿಲ್ಲ. ‘ನನ್ನನ್ನು ಈ ಪಟ್ಟಿಯಿಂದ ತೆಗೆಯಿರಿ’ ಎಂದೂ ‘ಎಲ್ಲರಿಗೂ ಉತ್ತರಿಸಬೇಡಿ’ ಎಂದೂ ಎಲ್ಲರಿಗೂ ಉತ್ತರಿಸಿದವರಿಂದ ಇಡೀ ವ್ಯವಸ್ಥೆ ನಿಧಾನವಾಯಿತು. ತಪ್ಪು ಮೇಲ್ ಬಂದಾಗ ಮಾಡಬೇಕಾದ ಸರಿಯಾದ ಕೆಲಸ ಸುಮ್ಮನಿರುವುದು, ಹೆಚ್ಚೆಂದರೆ ಗುಂಪು ನಡೆಸುವವರಿಗೆ ಮಾತ್ರ ಒಂದು ಸಾಲು ಬರೆಯುವುದು.

ಸಾವಿನ ಸುದ್ದಿಯ ವಿಚಾರದಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಹಿರಿಯ ಸದಸ್ಯರೊಬ್ಬರು ತೀರಿಕೊಂಡರೆ ಗುಂಪಿಗೆ ಅರವತ್ತು ‘ಓಂ ಶಾಂತಿ’ ಬರುತ್ತವೆ. ಮನೆಯವರು ಆ ಗುಂಪಿನಲ್ಲಿ ಇಲ್ಲದಿದ್ದರೆ ಅವುಗಳಲ್ಲಿ ಒಂದೂ ಅವರನ್ನು ಮುಟ್ಟುವುದಿಲ್ಲ. ಕಾರ್ಯದರ್ಶಿಗಳು ಮನೆಯವರ ಒಪ್ಪಿಗೆ ಪಡೆದು, ಸುದ್ದಿ ತಿಳಿಸುವ ಮೊದಲ ಮೇಲ್‌ನಲ್ಲೇ ‘ಸಂತಾಪವನ್ನು ಈ ವಿಳಾಸಕ್ಕೆ ಬರೆಯಿರಿ’ ಎಂದು ಸೇರಿಸಲಿ. ಎರಡು ಪದದ ಬದಲು ಎರಡು ಸಾಲು, ಆ ಹಿರಿಯರು ಏನು ಮಾಡಿದ್ದರು ಎಂಬ ನೆನಪಿನೊಂದಿಗೆ, ನೇರವಾಗಿ ಮನೆಗೇ ತಲುಪಲಿ.

ಖಾಸಗಿ ಉತ್ತರ ಬರೆಯುವಾಗ ಕಳಿಸುವ ಗುಂಡಿ ಒತ್ತುವ ಮುನ್ನ ‘ಟು’ ಸಾಲನ್ನು ಒಮ್ಮೆ ಓದಿ. ಕೆಲವು ಗುಂಪುಗಳಲ್ಲಿ ಬರಿಯ ‘ರಿಪ್ಲೈ’ ಒತ್ತಿದರೂ ಮೇಲ್ ಎಲ್ಲರಿಗೂ ಹೋಗುವಂತೆ ವ್ಯವಸ್ಥೆ ಇರುತ್ತದೆ. ಸಂಬಳ, ಆರೋಗ್ಯ, ಮನೆಯ ಜಗಳದ ಮಾತು ನಾನೂರು ಜನರ ಮುಂದೆ ತೆರೆದುಕೊಳ್ಳುವುದು ಇಲ್ಲಿಯೇ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡೂ ಸೆಂಡ್’ ಅವಧಿಯನ್ನು 5ರಿಂದ 30 ಸೆಕೆಂಡಿಗೆ ಏರಿಸಿಕೊಳ್ಳಬಹುದು. ಇವತ್ತೇ ಏರಿಸಿಕೊಳ್ಳಿ.

ಗುಂಪಿನ ವಿಳಾಸವೇ ಇಲ್ಲದೆ, ಮುನ್ನೂರು ಜನರ ವಿಳಾಸಗಳನ್ನು ‘ಟು’ ಸಾಲಿನಲ್ಲಿ ತುಂಬಿ ಕಳಿಸುವ ಕಚೇರಿಗಳು ಇನ್ನೂ ಇವೆ. ಅಷ್ಟು ಜನರ ವಿಳಾಸವನ್ನು ಅಷ್ಟೂ ಜನಕ್ಕೆ ಹಂಚಿದಂತಾಯಿತು. ಅವರಲ್ಲಿ ಒಬ್ಬರ ಖಾತೆ ಕಳ್ಳರ ಕೈ ಸೇರಿದರೆ ಇಡೀ ಪಟ್ಟಿ ಹೋಯಿತು. ಒಂದೇ ಸಲದ ಸೂಚನೆಯಾದರೆ ವಿಳಾಸಗಳನ್ನು, ಒಬ್ಬರದು ಇನ್ನೊಬ್ಬರಿಗೆ ಕಾಣದ ‘ಬಿಸಿಸಿ’ ಸಾಲಿನಲ್ಲಿ ಹಾಕಿ, ‘ಟು’ನಲ್ಲಿ ನಿಮ್ಮದೇ ವಿಳಾಸ ಇಡಿ. ಮೇಲಿಂದ ಮೇಲೆ ಬರೆಯುವುದಿದ್ದರೆ ಗುಂಪಿನ ವಿಳಾಸವನ್ನೇ ಮಾಡಿಕೊಳ್ಳಿ, ಅದಕ್ಕೆ ಹಣ ಬೇಕಿಲ್ಲ. ಗುಂಪಿನ ವಿಳಾಸವನ್ನು ಮಾತ್ರ ‘ಬಿಸಿಸಿ’ಯಲ್ಲಿ ಹಾಕಬೇಡಿ: ಗುಂಪು ಮೇಲ್ ನಡೆಸುವ ಮೇಲ್‌ಮ್ಯಾನ್‌ನಂಥ ತಂತ್ರಾಂಶ, ಗುಂಪಿನ ವಿಳಾಸ ಎದುರಿಗೆ ಕಾಣದ ಮೇಲ್ ಅನ್ನು ಸಾಮಾನ್ಯವಾಗಿ ತಡೆದು ನಿಲ್ಲಿಸುತ್ತದೆ.

ಲಗತ್ತುಗಳ ಮಾತಿಗೆ ಬಂದರೆ, ಮೊದಲ ನಿಯಮ ಲಗತ್ತು ಬೇಡ ಎಂಬುದೇ. ಒಂದು ಪುಟದ ಸುತ್ತೋಲೆಯನ್ನು ಮುದ್ರಿಸಿ, ಸಹಿ ಹಾಕಿಸಿ, ಫೋಟೊ ತೆಗೆದು ಅಂಟಿಸಿದರೆ ಅದು ಚಿತ್ರ. ಅದರೊಳಗಿನ ಪದ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಕಣ್ಣು ಕಾಣದ ಸದಸ್ಯರ ಫೋನ್ ಅದನ್ನು ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆ ಇಲ್ಲ. ಸುತ್ತೋಲೆಯ ಸಾರವನ್ನು ನಾಲ್ಕು ಸಾಲಿನಲ್ಲಿ ಮೇಲ್‌ನ ಒಕ್ಕಣೆಯಲ್ಲೇ ಬರೆಯಿರಿ, ಸಹಿ ಇರುವ ಪ್ರತಿ ಬೇಕೇ ಬೇಕಾದರೆ ಜೊತೆಗಿರಲಿ. ಸ್ಕ್ಯಾನ್ ಮಾಡುವಾಗ ಕಪ್ಪು-ಬಿಳುಪು, 200 ಡಿಪಿಐ (ಅಂಗುಲಕ್ಕೆ ಇನ್ನೂರು ಚುಕ್ಕಿ) ಸಾಕು. ಬಣ್ಣದಲ್ಲಿ 600 ಡಿಪಿಐಗೆ ಇಟ್ಟರೆ ಒಂದು ಪುಟವೇ ಹಲವು ಎಂಬಿ ಆಗುತ್ತದೆ. ಮೇಲ್‌ನಲ್ಲಿ ಸಾಗುವ ಕಡತ ಅಕ್ಷರರೂಪಕ್ಕೆ ಬದಲಾಗಿ ಮೂರರಲ್ಲೊಂದು ಪಾಲು ಉಬ್ಬುತ್ತದೆ; ನಿಮ್ಮ ಕಂಪ್ಯೂಟರಿನಲ್ಲಿ 20 ಎಂಬಿ ಇದ್ದದ್ದು ದಾರಿಯಲ್ಲಿ 26 ದಾಟುತ್ತದೆ, 25 ಎಂಬಿ ಮಿತಿ ಇಟ್ಟ ಕಡೆ ಹಿಂದಿರುಗುತ್ತದೆ. ತಲುಪಿದರೂ, 8 ಎಂಬಿಯ ಒಂದು ಫೋಟೊ ಮುನ್ನೂರು ಪೆಟ್ಟಿಗೆಗಳಲ್ಲಿ 2,400 ಎಂಬಿ ಜಾಗ ಹಿಡಿಯುತ್ತದೆ. ಕಾರ್ಯಕ್ರಮದ ಫೋಟೊಗಳನ್ನು ಗೂಗಲ್ ಡ್ರೈವ್‌ಗೆ ಏರಿಸಿ ಕೊಂಡಿ ಕಳಿಸಿ. ಕಳಿಸುವ ಮುನ್ನ ಆ ಕೊಂಡಿಯನ್ನು ಲಾಗಿನ್ ಆಗದ ಬೇರೆ ಬ್ರೌಸರಿನಲ್ಲಿ ತೆರೆದು ನೋಡಿ, ಇಲ್ಲದಿದ್ದರೆ ‘ಅನುಮತಿ ಕೊಡಿ’ ಎಂಬ ಕೋರಿಕೆಗಳು ರಾತ್ರಿಯಿಡೀ ಬರುತ್ತವೆ. ಕಡತಕ್ಕೆ ಹೆಸರಿಡುವಾಗ ‘ಸ್ಕ್ಯಾನ್ 0001’ ಬಿಟ್ಟು ‘ಮಹಾಸಭೆ ನಡಾವಳಿ 2026 ಜೂನ್’ ಎಂದಿಡಿ.

ನಮ್ಮ ಎರಡು ಜಿಲ್ಲೆಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಲಿಪಿ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ವರ್ಡ್ ಕಡತ ಕಚೇರಿಯ ಕಂಪ್ಯೂಟರಿನಲ್ಲಿ ಮುದ್ದಾಗಿ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಚಿತ್ರ ತೊಡಿಸಿದಂಥವು. ಸದಸ್ಯರ ಫೋನಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಚಿತ್ರ ಕಳಚಿ ಒಳಗಿನ ಸಂಕೇತ ಹೊರಬೀಳುತ್ತದೆ. ‘ಕನ್ನಡ’ ಎಂಬ ಪದ ಒಂದು ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನರ ಎಸ್, ಒಂದು ಕ್ಯೂ, ಕೊನೆಗೆ ಮತ್ತೆ ಅದೇ ಎ ಎಂದು ಸಾಲುಗಟ್ಟಿ ನಿಲ್ಲುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಿಂದ ಇದೆ, ಅದನ್ನೇ ಬಳಸಿ. ನುಡಿ ಕೀಲಿಮಣೆ ಕೈಗೆ ಕೂತಿದ್ದರೆ ಕೆ.ಪಿ. ರಾವ್ ಅವರ ವಿನ್ಯಾಸದ ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಆಯ್ಕೆ ಮಾಡಿ ಬರೆಯಬಹುದು, ಬೆರಳಿಗೆ ಹೊಸ ಪಾಠ ಬೇಕಿಲ್ಲ. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೆ ಅರ್ಕಾವೊತ್ತಿನ ಪದಗಳನ್ನು ಕಣ್ಣಿಟ್ಟು ನೋಡಿ: ಕಾರ್ಯದರ್ಶಿ, ವಾರ್ಷಿಕ, ಅರ್ಜಿ. ಹಳೆಯ ಫಾಂಟಿನಲ್ಲಿ ಆ ಗುರುತು ವ್ಯಂಜನದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು, ತಪ್ಪುವುದು ಅಲ್ಲೇ. ಕಡತ ಯಾವ ರೂಪದಲ್ಲಿದೆ ಎಂಬ ಅನುಮಾನವಿದ್ದರೆ ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿಗೂ ಒಂದು ಮಾತು. ಎಲ್ ಅಕ್ಷರಕ್ಕೆ ಲ-ಳ ಭೇದ ಗೊತ್ತಿಲ್ಲ. ಹಾಲು ಉತ್ಪಾದಕರ ಗುಂಪಿಗೆ ‘ಹಾಲು ಆಗಿದೆ’ ಎಂದು ಬರೆದದ್ದನ್ನು ‘ಹಾಳು ಆಗಿದೆ’ ಎಂದು ಓದಿದರೆ ಓದಿದವರ ತಪ್ಪೇನಿಲ್ಲ. ಒಬ್ಬೊಬ್ಬರ ಕಾಗುಣಿತ ಒಂದೊಂದು ಥರ ಇರುವುದರಿಂದ ಅಂಥ ಮೇಲ್ ಮುಂದೆ ಹುಡುಕಿದಾಗಲೂ ಸಿಗುವುದಿಲ್ಲ.

ಮಾತಿನ ಧಾಟಿ. ಮಂಡ್ಯದ ಕಡೆಯವರು ಎದುರಿಗೆ ನಿಂತು ‘ಏನ್ ಸಾ, ಲೆಕ್ಕ ಎಲ್ಲೋಯ್ತು’ ಎಂದರೆ ಅದರಲ್ಲಿ ಸಲಿಗೆಯೇ ಹೆಚ್ಚು. ದನಿ, ಮುಖ, ಹೆಗಲ ಮೇಲಿನ ಕೈ ಮಾತಿಗೆ ಜೊತೆಯಾಗಿರುತ್ತವೆ. ಮೇಲ್‌ನಲ್ಲಿ ಅವು ಯಾವುವೂ ಹೋಗುವುದಿಲ್ಲ. ಅದೇ ಸಾಲು ಖಜಾಂಚಿಯ ಕಣ್ಣಿಗೆ ನಾನೂರು ಜನರ ಮುಂದೆ ಹೊರಿಸಿದ ಕಳ್ಳತನ. ‘ಮಾರ್ಚ್ ಲೆಕ್ಕದಲ್ಲಿ ಪಂಪಿನ ದುರಸ್ತಿ ಎರಡು ಕಡೆ ಬರೆದಂತೆ ಕಾಣುತ್ತದೆ, ರಸೀದಿ ಕಳಿಸುವಿರಾ?’ ಎಂದು ಕೇಳಿದರೆ ಪ್ರಶ್ನೆಯ ಮೊನೆ ಮೊಂಡಾಗುವುದಿಲ್ಲ, ಉತ್ತರವೂ ಬರುತ್ತದೆ. ಮೊದಲು ಖಜಾಂಚಿಗೊಬ್ಬರಿಗೇ ಬರೆಯಿರಿ; ವಾರ ಕಳೆದರೂ ಉತ್ತರ ಬಾರದಿದ್ದರೆ ಗುಂಪಿಗೆ ತನ್ನಿ. ಗುಂಪಿನಲ್ಲಿ ಎಲ್ಲರಿಗೂ ಬಹುವಚನವೇ ಇರಲಿ, ಜೊತೆಯಲ್ಲಿ ಓದಿದ ಗೆಳೆಯನಿಗೂ. ಸಿಟ್ಟಿನಲ್ಲಿ ಬರೆದದ್ದನ್ನು ‘ಟು’ ಸಾಲು ಖಾಲಿ ಬಿಟ್ಟು ಡ್ರಾಫ್ಟ್‌ನಲ್ಲಿಟ್ಟು ಮಲಗಿ.

ಸಹಿ ನಾಲ್ಕು ಸಾಲು ಮೀರದಿರಲಿ. ರಜೆಯ ಸ್ವಯಂಚಾಲಿತ ಉತ್ತರ ಗುಂಪಿಗೆ ಹೋಗದಂತೆ, ಕಾಂಟ್ಯಾಕ್ಟ್ಸ್‌ನಲ್ಲಿ ಇರುವವರಿಗೆ ಮಾತ್ರ ಹೋಗುವಂತೆ ಆಯ್ಕೆ ಮಾಡಿಕೊಳ್ಳಿ.

ಕಾರ್ಯದರ್ಶಿಗಳೇ, ಇದುವರೆಗೆ ಹೇಳಿದ್ದರಲ್ಲಿ ಅರ್ಧ ಸದಸ್ಯರ ಕೈಯಲ್ಲಿದೆ, ಉಳಿದರ್ಧ ನಿಮ್ಮ ಕೈಯಲ್ಲಿ. ಉತ್ತರ ಬರೆದವರಿಗೆ ಹೋಗಬೇಕೋ ಗುಂಪಿಗೆ ಹೋಗಬೇಕೋ ಎಂಬುದನ್ನು ತೀರ್ಮಾನಿಸುವವರು ನೀವು. ಸೂಚನೆಗಳೇ ಹೆಚ್ಚಿರುವ ಗುಂಪಿಗೆ ಬರೆದವರಿಗಷ್ಟೇ ಹೋಗುವುದು ಕ್ಷೇಮ, ಚರ್ಚೆಯ ಗುಂಪಿಗೆ ಎಲ್ಲರಿಗೂ ಹೋಗುವುದು ಅನುಕೂಲ. ಯಾವುದನ್ನು ಇಟ್ಟಿದ್ದೀರಿ ಎಂದು ಸದಸ್ಯರಿಗೆ ತಿಳಿಸಿ. ವಿಷಯದ ಸಾಲಿನ ಮುಂದೆ ಗುಂಪಿನ ಚಿಕ್ಕ ಹೆಸರು ತಾನಾಗಿ ಬರುವಂತೆ ಮಾಡಬಹುದು; ಒಂದೇ ಪದ ಇಡಿ, ಇಲ್ಲದಿದ್ದರೆ ಆ ಹೆಸರೇ ಸಾಲನ್ನು ನುಂಗುತ್ತದೆ. ಹೊಸ ಸದಸ್ಯರ ಮೊದಲ ಮೇಲ್ ನಿಮ್ಮ ಕಣ್ಣಿಗೆ ಬಿದ್ದೇ ಹೋಗಲಿ, ಆದರೆ ಅದನ್ನು ಎರಡು ದಿನ ಕೊಳೆಯಲು ಬಿಡಬೇಡಿ. ಗುಂಪು ಬಿಡುವ ದಾರಿಯನ್ನು ಪ್ರತಿ ಮೇಲ್‌ನ ಅಡಿಯಲ್ಲಿ ಕನ್ನಡದಲ್ಲಿ ಬರೆಯಿರಿ. ಬಿಡುವ ದಾರಿ ಕಾಣದವರೇ ಎಲ್ಲರಿಗೂ ‘ತೆಗೆಯಿರಿ’ ಎಂದು ಬರೆಯುವುದು.

ಇವೆಲ್ಲಕ್ಕಿಂತ ದೊಡ್ಡದು ಒಡೆತನದ ಪ್ರಶ್ನೆ. ಬಹಳ ಸಂಘಗಳಲ್ಲಿ ಗುಂಪನ್ನು ಮೊದಲ ಕಾರ್ಯದರ್ಶಿ ತಮ್ಮ ಸ್ವಂತ ಖಾತೆಯಿಂದ ತೆರೆದಿರುತ್ತಾರೆ. ಅವರು ಊರು ಬಿಟ್ಟರೆ, ಪಾಸ್‌ವರ್ಡ್ ಮರೆತರೆ, ತೀರಿಕೊಂಡರೆ, ಹತ್ತು ವರ್ಷದ ನಡಾವಳಿ, ಲೆಕ್ಕ, ಸದಸ್ಯರ ಪಟ್ಟಿ ಎಲ್ಲವೂ ಬೀಗದೊಳಗೇ ಉಳಿಯುತ್ತವೆ. ಸಂಘದ ಹೆಸರಿನಲ್ಲೇ ಒಂದು ಖಾತೆ ಮಾಡಿ, ಗುಂಪಿಗೆ ಕನಿಷ್ಠ ಇಬ್ಬರನ್ನು ಓನರ್ ಎಂದು ಸೇರಿಸಿ. ಅಧಿಕಾರ ಹಸ್ತಾಂತರದ ದಿನ ರಸೀದಿ ಪುಸ್ತಕ, ಮೊಹರು, ಬ್ಯಾಂಕ್ ಪಾಸ್‌ಬುಕ್ ಕೊಡುವ ಪಟ್ಟಿಯಲ್ಲಿ ಇದನ್ನೂ ಬರೆದು ಇಬ್ಬರೂ ಸಹಿ ಹಾಕಿ. ಹೊಸಬರ ಹೆಸರು ಸೇರಿದ ಮೇಲೆ, ಅವರು ಅಲ್ಲೇ ಕೂತು ಒಮ್ಮೆ ಲಾಗಿನ್ ಆಗಿ ಸದಸ್ಯರ ಪಟ್ಟಿ ತೆರೆದು ತೋರಿಸಲಿ, ಹಳಬರ ಹೆಸರನ್ನು ಆನಂತರವೇ ತೆಗೆಯಿರಿ.

ಇಂತಿ,
ಮೈಸೂರು ಮತ್ತು ಮಂಡ್ಯದ ಸಂಘಗಳ ಗುಂಪು ಮೇಲ್ ನೋಡಿಕೊಳ್ಳುತ್ತಿರುವ ಕೆಲವರು